ನೀರಿನ ಫೋಟೋ ತೆಗೆಯುತ್ತಿದ್ದವರು

ಸ್ಟುಡಿಯೋದವರು ತೀರಿಕೊಂಡ ಮೂರನೇ ದಿನ ನಮ್ಮ ರಸ್ತೆಯ ತಿರುವಿನಲ್ಲಿ ಅವರ ಫ್ಲೆಕ್ಸ್ ಕಟ್ಟಿದರು. ಹಿಂದೆ ಹಾಲಿನಂಥ ನೀರು, ಮುಂದೆ ಅವರ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ 'ಹೊಳೆಗೆ ಹಾರಿ ಪ್ರಾಣ ಉಳಿಸಿದ ಧೀರ' ಎಂದು ಬರೆದಿದೆ. ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು, ಅಷ್ಟು ಓದಲು ಬರುತ್ತದೆ. ಅವರು ಉಳಿಸಿದ್ದು ನನ್ನ ಮೊಮ್ಮಗಳ ಪ್ರಾಣವನ್ನು. ಉಳಿಸಿದ್ದು ನಿಜ. ಆದರೆ ಅವರು ಹಾರಲಿಲ್ಲ, ಧೀರರೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ದಡದ ಮೇಲೆ ನಿಂತಿದ್ದವಳು ನಾನು. ಫ್ಲೆಕ್ಸ್ ಬರೆಸಿದವರು ಯಾರೂ ಅಲ್ಲಿರಲಿಲ್ಲ.

ಹೆಸರು ಬೇಡ. ಅವರ ಹೆಂಡತಿ ಮಕ್ಕಳು ಭದ್ರಾವತಿಯಲ್ಲೇ ಇದ್ದಾರೆ. ಇಲ್ಲಿ ಹೇಳುವುದನ್ನೆಲ್ಲ ನಾನು ಅವರಿದ್ದಾಗಲೇ ಅವರ ಮುಖಕ್ಕೆ ಹೇಳಿ ಮುಗಿಸಿದ್ದೇನೆ. ಹಾಗಾಗಿ ಸತ್ತವರನ್ನು ಬೆನ್ನ ಹಿಂದೆ ಆಡಿಕೊಂಡಂತೆ ಆಗುವುದಿಲ್ಲ.

ನನ್ನ ಇಡ್ಲಿ ಹೋಟೆಲಿಗೂ ಅವರ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಇಬ್ಬರಿಗೂ ಬಿಡುವಿರಲಿಲ್ಲ. ಶಿಫ್ಟ್ ಮುಗಿಸಿ ಬಂದವರು ನನ್ನಲ್ಲಿ ತಿಂದು, ಅವರಲ್ಲಿ ಪಾಸ್‌ಪೋರ್ಟ್ ಸೈಜ್ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರ ಅಪ್ಪ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವರು. ಇವರು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ನಮ್ಮ ಹಾಗೇ ಆಡುತ್ತಿದ್ದರು. ಎಣಿಕೆ ಮಾತ್ರ ತಮಿಳಿನಲ್ಲಿ. ಚಿಲ್ಲರೆ ಎಣಿಸಿದರೂ ತಮಿಳು, ಕ್ಯಾಮೆರಾ ಹಿಂದೆ ನಿಂತು ಎಣಿಸಿದರೂ ತಮಿಳು.

ತೆಳ್ಳಗಿನ ಮೈ, ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು, ಮಾತು ಕಡಿಮೆ. ಫೋಟೋಗೆ ಕೂತವರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು, ಸಂತೆಯಲ್ಲಿ ಪಪ್ಪಾಯಿ ತಿರುಗಿಸಿ ನೋಡಿದ ಹಾಗೆ. ಆಮೇಲೆ ಹಿಂದೆ ಸರಿದು 'ಕದಲಬೇಡಿ' ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿಯ ಮುಂದೆ, ಬೀದಿಯಲ್ಲಿ ಸಾಲದವರ ಮುಂದೆ ಬಾಯಿ ಬಿಡದ ಮನುಷ್ಯ, ಆ ಒಂದು ಮಾತಿನಲ್ಲಿ ಮಾತ್ರ ಯಜಮಾನ. ಅಳುತ್ತಿದ್ದ ಕೂಸು ಅದನ್ನು ಕೇಳಿ ಬಾಯಿ ಮುಚ್ಚಿದ್ದನ್ನು ನೋಡಿದ್ದೇನೆ. ಸಕ್ರೆಬೈಲಿಗೆ ಹೋಗಿ ಹೊಳೆಯಲ್ಲಿ ಮೀಯುತ್ತಿದ್ದ ಆನೆಗೂ ಕದಲಬೇಡ ಎಂದರಂತೆ. ಆನೆ ಸೊಂಡಿಲಿನಲ್ಲಿ ನೀರೆಳೆದು ಅವರ ಮೇಲೇ ಬಿಟ್ಟಿತಂತೆ. ಇದನ್ನು ಅವರೇ ನನಗೆ ಹೇಳಿ ನಕ್ಕಿದ್ದರು, ತೊಯ್ದ ಕ್ಯಾಮೆರಾ ಚೀಲವನ್ನು ನನ್ನ ಒಲೆಯ ಪಕ್ಕ ಒಣಗಲು ಇಟ್ಟುಕೊಂಡು.

ಮದುವೆ, ನಾಮಕರಣ ಎಲ್ಲ ಹೊಟ್ಟೆಪಾಡಿಗೆ. ಹುಚ್ಚು ಇದ್ದದ್ದು ನೀರಿನ ಮೇಲೆ. ಅದೂ ನಿಂತ ನೀರಲ್ಲ. ಕೆರೆ ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ನೀರು ಹರಿಯಬೇಕು, ಬೀಳಬೇಕು, ಇಲ್ಲವೇ ಚಿಮ್ಮಬೇಕು. ಒಮ್ಮೆ ನಮ್ಮ ಬೀದಿಯ ಪೈಪು ಒಡೆದು ನೀರು ಕರೆಂಟ್ ಕಂಬದೆತ್ತರಕ್ಕೆ ಎದ್ದಿತು. ನಲ್ಲಿ ಬಾರದೆ ಕಂಗೆಟ್ಟಿದ್ದ ಹೆಂಗಸರೆಲ್ಲ ಕೊಡ ತಂದು ಸುತ್ತ ನಿಂತೆವು. ಇವರು ಮೂರು ಕಾಲಿನ ಸ್ಟ್ಯಾಂಡ್ ತಂದು ನಡುವೆ ನೆಟ್ಟು, ಕೊಡ ಅಡ್ಡ ಬರುತ್ತಿದೆ, ಸ್ವಲ್ಪ ಸರಿಯಿರಿ ಎಂದರು. ಹಿಂದಿನ ಬೀದಿಯ ತೆಲುಗು ಹೆಂಗಸು ತುಂಬಿದ ಕೊಡ ಎತ್ತಿ ಹಿಡಿದು, "ಬಾ, ಮೊದ್ಲು ನಿನ್ನ ಕ್ಯಾಮೆರಾದ ತಲೆ ಮೇಲೆ ಹೊಯ್ತೀನಿ" ಎಂದಳು. ಇವರು ಸರಿದರು, ಆದರೆ ಹೋಗಲಿಲ್ಲ. ರಿಪೇರಿಯವರು ಬಂದು ವಾಲ್ವ್ ತಿರುಗಿಸಿ, ಎದ್ದ ನೀರು ಕುಸಿದು ನೆಲಕ್ಕೆ ಸೇರುವ ತನಕ ಅಲ್ಲೇ ನಿಂತಿದ್ದರು. ಅವರ ಮನೆಯ ಕೊಡ ಆ ದಿನವೂ ಖಾಲಿ.

ಇನ್ನೊಮ್ಮೆ ನಾನು ಇಡ್ಲಿ ಪಾತ್ರೆ ತರಲು ಶಿವಮೊಗ್ಗಕ್ಕೆ ಹೊರಟಾಗ ಅದೇ ಬಸ್ಸಿಗೆ ಸ್ಟ್ಯಾಂಡ್ ಹೊತ್ತುಕೊಂಡು ಹತ್ತಿದರು. ಅಲ್ಲಿನ ಒಂದು ಪಾರ್ಕಿನಲ್ಲಿ ಕಾರಂಜಿ ಇದೆ, ಸಂಜೆ ಬಿಡುತ್ತಾರೆ, ಅದರ ಕಟ್ಟೆಯ ಮೇಲೆ ಯಾರಾದರೂ ಕೂರಬೇಕು ಎಂದರು.

"ನಿಮ್ಮಷ್ಟು ಅಲ್ಲಾಡ್ದೆ ಕೂರೋರು ನಂಗೆ ಸಿಗಲ್ಲ ಅಕ್ಕ."

"ನಾನೇನು ಕಲ್ಲಾ ಮಾರಾಯ್ರೇ?"

"ಕಲ್ಲಿಗಿಂತ ವಾಸಿ. ಕಲ್ಲು ಹೊತ್ಕೊಂಡು ಬರ್ಬೇಕು, ನೀವೇ ಬರ್ತೀರಿ."

ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಅವರು ಕ್ಯಾಮೆರಾದ ಬಾಯಿಗೆ ಒಂದು ಕಪ್ಪು ಗಾಜು ಸಿಕ್ಕಿಸಿ, ಕದಲಬೇಡಿ ಎಂದು ಹೇಳಿ, ತಮಿಳಿನಲ್ಲಿ ಎಣಿಸತೊಡಗಿದರು. ಬೆನ್ನ ಮೇಲೆ ಹನಿ ಸಿಡಿಯುತ್ತಿತ್ತು. ಮಕ್ಕಳು ಸುತ್ತ ಓಡುತ್ತಿದ್ದರು. ಪಾರ್ಕಿನ ಕಾವಲುಗಾರ ಬಂದು ಕಟ್ಟೆ ಮೇಲೆ ಕೂರಬಾರದು ಎಂದು ಗದರಿದ. ನಾನು ಕಣ್ಣು ಕೂಡ ತಿರುಗಿಸಲಿಲ್ಲ. ಆಮೇಲೆ ಫೋಟೋ ತೋರಿಸಿದರು. ನಾನಿದ್ದೇನೆ, ನನ್ನ ಪಾತ್ರೆ ಇದೆ. ಮಕ್ಕಳೂ ಇಲ್ಲ, ಕಾವಲುಗಾರನೂ ಇಲ್ಲ. ಕ್ಯಾಮೆರಾದ ಕಣ್ಣನ್ನು ತುಂಬ ಹೊತ್ತು ತೆರೆದಿಟ್ಟರೆ ಅಲ್ಲಾಡುವವರೆಲ್ಲ ಅಳಿಸಿಹೋಗುತ್ತಾರೆ, ನಿಂತವರಷ್ಟೇ ಉಳಿಯುತ್ತಾರೆ, ನೀರು ಮಾತ್ರ ಅಳಿಸದೆ ಹಾಲಿನಂತಾಗುತ್ತದೆ ಎಂದು ವಿವರಿಸಿದರು. ಅದು ಹಾಲಲ್ಲ, ಹಾಸಿಗೆಗೆ ತುಂಬುವ ಹತ್ತಿ ಎಂದೆ. ಅವರಿಗೆ ಬೇಜಾರಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಸ್ಟ್ಯಾಂಡ್ ಹಿಡಿದುಕೊಂಡು ಬೇರೆ ಸೀಟಿಗೆ ಹೋಗಿ ಕೂತರು.

ಅವರ ಅಂಗಡಿಯ ಗಾಜಿನ ಹಿಂದೆ ದೊಡ್ಡದೊಂದು ಫೋಟೋ ಇತ್ತು. ಊರ ಹೊರಗೆ ನಮ್ಮ ಭದ್ರೆಯ ನಡುವೆ ಇರುವ ಒಂದು ಬಂಡೆ, ಸುತ್ತ ಬಿಳಿ ನೀರು. ಆ ಜಾಗ ನನಗೆ ಗೊತ್ತು. ನೀರು ಅಲ್ಲಿ ಕಲ್ಲಿಗೆ ಬಡಿದು ಸದ್ದು ಮಾಡುತ್ತದೆ, ಎಮ್ಮೆ ತೊಳೆಯುವವರೂ ಅಲ್ಲಿಗೆ ಇಳಿಯುವುದಿಲ್ಲ. ಫೋಟೋದಲ್ಲಿ ನೋಡಿದರೆ ಕೂಸನ್ನು ಮಲಗಿಸಬಹುದು ಅನ್ನುವಷ್ಟು ಮೆತ್ತಗೆ ಕಾಣುತ್ತಿತ್ತು. ಯಾವ ದೇಶದ್ದು ಎಂದು ಕೇಳುವವರಿಗೆ ಇದು ನಮ್ಮ ಹೊಳೆಯೇ ಎಂದು ಹೇಳುವುದೇ ಅವರಿಗೊಂದು ಖುಷಿ. ಆ ಬಂಡೆಯ ಮೇಲೆ ಒಬ್ಬರು ಕೂತಿದ್ದರೆ ಫೋಟೋ ಪೂರ್ತಿಯಾಗುತ್ತಿತ್ತು ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ನನಗೆ ಈಜು ಬರುವುದಿಲ್ಲ, ಆಸೆ ಬಿಡಿ ಎಂದಿದ್ದೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ನನ್ನ ಮಗಳ ಮಗಳು ಚೈತ್ರಾಳ ಮದುವೆ ಗೊತ್ತಾಯಿತು. ಶಂಕರಘಟ್ಟದಲ್ಲಿ ಓದಿ ಮುಗಿಸಿದವಳು. ಹುಡುಗ ಪ್ರವೀಣ, ಶಿವಮೊಗ್ಗದಲ್ಲಿ ಬೈಕ್ ಶೋರೂಮಿನಲ್ಲಿ ಕೆಲಸ. ಒಳ್ಳೆಯ ಹುಡುಗ, ಆದರೆ ಮೊಬೈಲು ಕೈಯಿಂದ ಇಳಿಯದು. ಈಗ ಮದುವೆಗೆ ಮುಂಚೆಯೇ ಹುಡುಗ ಹುಡುಗಿಯನ್ನು ನಿಲ್ಲಿಸಿ ಫೋಟೋ ತೆಗೆಸುವುದು ಒಂದು ಶಾಸ್ತ್ರವೇ ಆಗಿದೆಯಲ್ಲ, ಅದಕ್ಕೆ ಜಾಗ ಹುಡುಕುತ್ತಿದ್ದರು. ಪ್ರವೀಣ ನನ್ನಲ್ಲಿ ಇಡ್ಲಿ ತಿನ್ನಲು ಬಂದವನು ಗಾಜಿನ ಹಿಂದಿನ ಫೋಟೋ ನೋಡಿದ. ಚೈತ್ರಾ ಆ ಬಂಡೆಯ ಮೇಲೆ ಕೂರಬೇಕು, ಆ ಫೋಟೋ ಮದುವೆ ಮಂಟಪದ ಬಾಗಿಲಲ್ಲಿ ನಿಲ್ಲಿಸಬೇಕು ಎಂದ. ಸ್ಟುಡಿಯೋದವರ ಮುಖ ಆಗ ಹೇಗಾಯಿತು ಎಂದರೆ, ಹಸಿದವನ ಮುಂದೆ ಎಲೆ ಹಾಸಿದ ಹಾಗೆ.

ಹೊಳೆ ಪಕ್ಕದಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಒಂದು ಕೆಟ್ಟ ಅಭ್ಯಾಸ ಇದೆ. ಮೇಲಿನ ಡ್ಯಾಮಿನಿಂದ ನೀರು ಬಿಡುವ ಮುಂಚೆ ಆಟೋಗೆ ಮೈಕ್ ಕಟ್ಟಿ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಊರೆಲ್ಲ ಸಾರುತ್ತಾರೆ. ಸಾರಿದ ಮೇಲೂ ಬಟ್ಟೆ ಒಗೆಯುವವರು ಒಗೆಯುತ್ತಾರೆ, ಗಾಳ ಹಾಕುವವರು ಹಾಕುತ್ತಾರೆ. ನೀರು ಬಿಟ್ಟರೂ ಇಲ್ಲಿಗೆ ಬರಲು ಹೊತ್ತು ಬೇಕು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಸ್ಟುಡಿಯೋದವರದ್ದು ಇನ್ನೂ ಒಂದು ಕೈ ಮೇಲೆ. ಅವರಿಗೆ ಬೇಕಾದದ್ದೇ ಆ ಹೊತ್ತು. ನೀರು ತೀರಾ ಕಮ್ಮಿ ಇದ್ದರೆ ಫೋಟೋದಲ್ಲಿ ಹಾಲಾಗುವುದಿಲ್ಲ, ಪೂರ್ತಿ ಬಂದರೆ ಬಂಡೆಯೇ ಮುಳುಗುತ್ತದೆ, ನಡುವಿನ ಆ ಸ್ವಲ್ಪ ಹೊತ್ತು ಸಿಗಬೇಕು ಎನ್ನುತ್ತಿದ್ದರು. ಫೋಟೋ ತೆಗೆಯುವ ದಿನದ ಹಿಂದಿನ ಸಂಜೆ ಮೈಕ್ ಕೂಗಿಕೊಂಡು ಹೋದಾಗ ನನ್ನ ಮಗಳು ಹೆದರಿ, ಬೇಡ ಎಂದಳು. ಇವರು ಬಂದು, ಮಧ್ಯಾಹ್ನದೊಳಗೆ ನೀರು ಬರಲ್ಲ, ಬೆಳಿಗ್ಗೆಯೇ ಮುಗಿಸಿ ವಾಪಸು ತಿಂಡಿಗೆ ಬರುತ್ತೇವೆ ಎಂದು ಒಪ್ಪಿಸಿದರು. ನಾನೂ ಜೊತೆಗೆ ಹೋಗುತ್ತೇನೆ ಎಂದೆ. ಫೋಟೋ ನೋಡಲು ಅಲ್ಲ, ಹುಡುಗಿಯ ಬಟ್ಟೆ ಚೀಲ ಕಾಯಲು.

ಬೆಳಿಗ್ಗೆ ಮೋಡ ಇತ್ತು, ಮಳೆ ಇರಲಿಲ್ಲ. ಚೈತ್ರಾಳಿಗೆ ಶಿವಮೊಗ್ಗದಿಂದ ಬಾಡಿಗೆಗೆ ತಂದ ಕೆಂಪು ಗೌನು. ಹಿಂದೆ ಮಾರುದ್ದದ ಬಾಲ. ಚಳಿಗೆಂದು ಒಳಗೆ ದಪ್ಪ ಬನಿಯನ್ನು, ಲೆಗ್ಗಿಂಗ್ಸು ಹಾಕಿಸಿದ್ದೆ. ದಡದಿಂದ ಬಂಡೆಗೆ ನೀರು ಹಿಮ್ಮಡಿಗಿಂತ ಸ್ವಲ್ಪ ಮೇಲೆ ಅಷ್ಟೇ. ಸ್ಟುಡಿಯೋದವರೇ ಕೈ ಹಿಡಿದು ನಡೆಸಿ ಕೂರಿಸಿದರು. ಬಾಲವನ್ನು ನೀರಿನ ಮೇಲೆ ಹರಡಿ, ಅದು ಮುದುರಿಕೊಳ್ಳಬಾರದೆಂದು ತುದಿಗೆ ನೈಲಾನ್ ದಾರ ಕಟ್ಟಿ ನೀರೊಳಗಿನ ಕಲ್ಲಿಗೆ ಬಿಗಿದರು. ಅದು ನನಗೆ ಹಿಡಿಸಲಿಲ್ಲ. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗಿದೆ ಎಂದೆ. ಹುಡುಗಿ ಅಲ್ಲಿಂದಲೇ, "ಅಜ್ಜಿ, ನೀನು ಸುಮ್ನಿರು" ಎಂದು ನಕ್ಕಳು. ಅವರು ದಡಕ್ಕೆ ಹತ್ತಿರದ ಒಂದು ಕಲ್ಲಿನ ಮೇಲೆ ಸ್ಟ್ಯಾಂಡ್ ನೆಟ್ಟರು. ಪ್ರವೀಣ ನನ್ನ ಪಕ್ಕ ನಿಂತು ಮೊಬೈಲಿನಲ್ಲಿ ತನ್ನದೇ ಬೇರೆ ಏನನ್ನೋ ತೆಗೆಯುತ್ತಿದ್ದ. ನಾನು ಚೈತ್ರಾಳ ಚಪ್ಪಲಿಯನ್ನು ನೀರಂಚಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟು, ಚೀಲ ಹಿಡಿದು ನಿಂತೆ.

"ಕದಲ್ಬಾರದು ಪುಟ್ಟಿ. ನಾನು ಎಣಿಸೋದು ನಿಲ್ಲಿಸಿ ಆಯ್ತು ಅನ್ನೋ ತನಕ ಉಸಿರೂ ಮೆಲ್ಲಗೆ ಬಿಡ್ಬೇಕು" ಎಂದರು.

ಒಂದು ಫೋಟೋ ಆಯಿತು. ಸರಿಬರಲಿಲ್ಲ ಎಂದರು. ಇನ್ನೊಂದು ಆಯಿತು. ಅದರಲ್ಲಿ ಬಾಲ ಸರಿಬರಲಿಲ್ಲ. ಕಪ್ಪು ಗಾಜು ಒರೆಸಿ ಮತ್ತೆ ಸಿಕ್ಕಿಸಿದರು. ಈ ಸಲ ಜಾಸ್ತಿ ಹೊತ್ತು ಎಂದರು. ಒಣ್ಣು, ರೆಂಡು ಎಂದು ಶುರುವಾಯಿತು. ನಾನು ಕೆಳಗೆ ನೋಡಿದೆ. ಕಲ್ಲಿನ ಮೇಲೆ ಒಂದೇ ಚಪ್ಪಲಿ ಇತ್ತು. ಇನ್ನೊಂದು ನೀರಿನಲ್ಲಿ ತೇಲಿಕೊಂಡು ಹೋಗುತ್ತಿತ್ತು.

ಕಲ್ಲು ಹಾಗೇ ಇದೆ, ಚಪ್ಪಲಿ ಹೋಗಿದೆ ಎಂದರೆ ಏರಿದ್ದು ನೀರು. ತಲೆ ಎತ್ತಿ ಸ್ಟುಡಿಯೋದವರನ್ನು ನೋಡಿದೆ. ಅವರು ಕ್ಯಾಮೆರಾದಿಂದ ಮುಖ ಎತ್ತಿ ಹೊಳೆಯ ಮೇಲ್ಗಡೆ ನೋಡುತ್ತಿದ್ದರು. ನಾನೂ ಆ ಕಡೆ ನೋಡಿದೆ. ಹೊಳೆಯ ಅಗಲಕ್ಕೂ ಒಂದು ಕೆಂಪು ಗೆರೆ, ನೊರೆ, ಎಲೆ, ಕಡ್ಡಿ ಎಲ್ಲ ಹೊತ್ತುಕೊಂಡು ಬರುತ್ತಿತ್ತು. ಮೇಲೆ ಎಲ್ಲೋ ರಾತ್ರಿ ಜೋರು ಮಳೆ ಬಿದ್ದು ಹಳ್ಳದ ನೀರೂ ಬಂದು ಸೇರಿತ್ತು ಎಂದು ಆಮೇಲೆ ಗೊತ್ತಾಯಿತು. ಅವರು ಅದನ್ನು ನೋಡಿದರು. ನೋಡಿ ಮತ್ತೆ ಬಂಡೆಯ ಕಡೆ ತಿರುಗಿದರು. ಎಣಿಕೆ ನಿಲ್ಲಲಿಲ್ಲ. ಆರು. ಏಳು.

"ಸಾಕು ಮಾಡಿ, ನೀರು ಬಂತು" ಎಂದೆ.

ಅವರು ತಿರುಗಲಿಲ್ಲ. ಎಡಗೈಯನ್ನು ನನ್ನ ಕಡೆ ಚಾಚಿ, ಅಂಗೈ ತೋರಿಸಿ ತಡೆದರು. ಬಾಯಿ ಮುಚ್ಚು ಎನ್ನುವಂತೆ. ಎಟ್ಟು. ಒಂಬದು.

ಚೈತ್ರಾಳಿಗೆ ಬೆನ್ನ ಹಿಂದೆ ಬರುತ್ತಿದ್ದದ್ದು ಕಾಣುತ್ತಿರಲಿಲ್ಲ. ಆದರೆ ಕಾಲಿಗೆ ಗೊತ್ತಾಗಿರಬೇಕು. ಬಂಡೆಯ ಮೇಲಿದ್ದ ಪಾದ ಮುಳುಗಿತು, ಮಂಡಿಯವರೆಗೆ ಗೌನು ಒದ್ದೆಯಾಗಿ ಕಪ್ಪಾಯಿತು. ಅವಳು ಅಲ್ಲಾಡಲಿಲ್ಲ. ಆಯ್ತು ಎನ್ನುವ ತನಕ ಕದಲಬಾರದು ಎಂದಿದ್ದರಲ್ಲ, ಹೇಳಿದ ಮಾತು ಕೇಳುವ ಹುಡುಗಿ. ನಾನು ಅವಳ ಹೆಸರು ಹಿಡಿದು ಕಿರುಚಿದೆ. ಆಗ ಅವರು ಎಣಿಕೆ ನಿಲ್ಲಿಸಿ ಆಯ್ತು, ಬಾ ಎಂದರು.

ಅವಳು ಎದ್ದಳು. ಎದ್ದವಳನ್ನು ಗೌನು ಹಿಂದಕ್ಕೆ ಎಳೆಯಿತು. ಬಾಲವೆಲ್ಲ ನೀರು ಕುಡಿದು ತೊಲೆಯಷ್ಟು ಭಾರ, ತುದಿ ಕಲ್ಲಿಗೆ ಕಟ್ಟಿದ್ದು. ಬಂಡೆಯ ಮೇಲೇ ಬಿದ್ದಳು. ಪ್ರವೀಣ ಮೊಬೈಲು ಹಿಡಿದುಕೊಂಡೇ ಅಯ್ಯೋ ಎನ್ನುತ್ತಿದ್ದ, ಅವನಿಗೂ ಈಜು ಬಾರದು. ಸ್ಟುಡಿಯೋದವರು ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ ನನ್ನ ಕೈಗೆ ತುರುಕಿ, ಸ್ಟ್ಯಾಂಡನ್ನು ಕೋಲಿನ ಹಾಗೆ ಊರಿಕೊಂಡು ಇಳಿದರು. ಹಿಮ್ಮಡಿಗಿದ್ದ ನೀರು ಅವರ ತೊಡೆಗೆ ಬಂದಿತ್ತು. ಒಂದು ಕಾಲಿಟ್ಟು, ನಿಂತು, ಸ್ಟ್ಯಾಂಡ್ ಊರಿ, ಇನ್ನೊಂದು ಕಾಲು. ಹಾರುವುದು ಇರಲಿ, ಜೋರಾಗಿ ಹೆಜ್ಜೆ ಇಡಲೂ ಆಗುವಂತಿರಲಿಲ್ಲ. ಬಂಡೆ ಮುಟ್ಟಿ, ನೀರೊಳಗೆ ಕೈ ಹಾಕಿ ದಾರ ಹುಡುಕಿದರು. ಸಿಗಲಿಲ್ಲ. ಅವಳ ಬೆನ್ನ ಮೇಲಿನ ಜಿಪ್ಪಿನ ಹತ್ತಿರ ಕೈ ತಂದರು. ತಂದ ಕೈ ಅಲ್ಲೇ ನಿಂತಿತು. ತಿರುಗಿ ನನ್ನನ್ನು ನೋಡಿದರು. ಪರರ ಮನೆಯ ಹುಡುಗಿ, ಮದುವೆಗಿರುವವಳು, ಗಂಡನಾಗುವವನು ದಡದಲ್ಲೇ ನಿಂತಿದ್ದಾನೆ. ನನ್ನ ಒಪ್ಪಿಗೆಗೆ ಕಾಯುತ್ತಿದ್ದರು.

"ಹರೀರಿ ಅದನ್ನ. ನೋಡ್ತಾ ನಿಂತ್ರೆ ನಾನೇ ಇಳೀತೀನಿ" ಎಂದೆ.

ಹರಿದರು. ಗೌನು ಅವಳ ಮೈಯಿಂದ ಕಳಚಿ ನೀರಿಗೆ ಬಿತ್ತು, ಅಲ್ಲೇ ದಾರಕ್ಕೆ ಸಿಕ್ಕಿಕೊಂಡು ಬಡಿದಾಡತೊಡಗಿತು. ಇಬ್ಬರೂ ಸ್ಟ್ಯಾಂಡ್ ಹಿಡಿದುಕೊಂಡು ಹೊರಟರು. ನಡುವೆ ಅವಳ ಕಾಲು ಜಾರಿ ತಲೆ ಮುಳುಗಿತು. ಅವರು ಜಡೆ ಹಿಡಿದು ಎತ್ತಿದರು. ದಡದ ಹತ್ತಿರ ಬಂದಾಗ ಅವರ ಸೊಂಟದ ಮೇಲೂ ನೀರಿತ್ತು. ಪ್ರವೀಣ ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದ. ನಾವು ತಿರುಗಿ ನೋಡುವಷ್ಟರಲ್ಲಿ ಬಂಡೆ ಕಾಣಲಿಲ್ಲ.

ಪ್ರವೀಣನ ಮೊಬೈಲಿನಲ್ಲಿ ಅವರು ನೀರಿಗೆ ಇಳಿದದ್ದು, ಜಡೆ ಹಿಡಿದು ಎತ್ತಿದ್ದು ಬಂದಿತ್ತು. ಗೌನು ಹರಿದದ್ದು, ಹುಡುಗಿ ದಡ ಹತ್ತಿದ್ದು ಇರುವ ಭಾಗ ತೆಗೆದು, ಉಳಿದದ್ದನ್ನು ಊರಿಗೆಲ್ಲ ಕಳಿಸಿದ. ಎಣಿಕೆ ಅದರಲ್ಲಿ ಇರಲಿಲ್ಲ, ನನಗೆ ತೋರಿಸಿದ ಅಂಗೈಯೂ ಇರಲಿಲ್ಲ. ಸಂಜೆಗೆಲ್ಲ ಸ್ಟುಡಿಯೋ ಮುಂದೆ ಜನ. ಹಾರ ಹಾಕಿದರು. ನನ್ನ ಅಳಿಯ ಕೈಮುಗಿದು ಅತ್ತುಬಿಟ್ಟ. ಗೋಡೆಯ ಈ ಕಡೆ ನಾನು ಚಟ್ನಿ ರುಬ್ಬುತ್ತಿದ್ದೆ. ಹೋಗಿ ನಿಜ ಹೇಳಿದ್ದರೆ ಅದೇ ಅಳಿಯ ಅದೇ ಅಂಗಡಿಯ ಗಾಜು ಒಡೆಯುತ್ತಿದ್ದ. ಮದುವೆ ಮನೆ. ಬಾಯಿ ಮುಚ್ಚಿಕೊಂಡೆ. ಹಾರ ಹಾಕಿಸಿಕೊಳ್ಳುವಾಗ ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಜನ ಕರಗಿದ ಮೇಲೆ, ಮಾರನೇ ದಿನ ಮಧ್ಯಾಹ್ನ, ನಾನೇ ಅವರ ಅಂಗಡಿಗೆ ಹೋದೆ. ಗಾಜಿನ ಹಿಂದಿನ ಬಂಡೆಯ ಫೋಟೋ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂತಿದ್ದರು.

"ನೀರು ಬರೋದು ನಿಮಗೆ ಕಂಡಿತ್ತಾ, ಇಲ್ವಾ?" ಎಂದೆ.

"ಕಂಡಿತ್ತು ಅಕ್ಕ."

"ಮತ್ತೆ ನಂಗ್ಯಾಕೆ ಕೈ ತೋರಿಸಿದ್ರಿ?"

"ಇನ್ನೊಂಚೂರು ಇತ್ತು. ಅಷ್ಟರಲ್ಲಿ ಮುಗಿಯುತ್ತೆ ಅನ್ಕೊಂಡೆ."

ಸುಳ್ಳು ಹೇಳುತ್ತಾರೆ, ನಾನು ಜಗಳ ಆಡಿ ಹಗುರಾಗಿ ಬರುತ್ತೇನೆ ಎಂದುಕೊಂಡು ಹೋಗಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಆ ಫೋಟೋ. ನೀರು ಅಂದರೆ ಹಾಲು. ಕೆಂಪು ಬಾಲ ಹೊಗೆಯ ಹಾಗೆ ಹರಡಿದೆ. ಬಂಡೆಯ ಒಂದೊಂದು ಗೆರೆಯೂ ಕಾಣುತ್ತಿದೆ. ಹೊಳೆ ಏರುತ್ತಿದೆ ಎಂದು ಅದನ್ನು ನೋಡಿದ ಯಾರೂ ಹೇಳಲಾರರು. ಅಂಥ ಚೆಂದದ ಫೋಟೋ ಅವರು ಹಿಂದೆಂದೂ ತೆಗೆದಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಚೈತ್ರಾಳಿಗೆ ಮುಖ ಇರಲಿಲ್ಲ. ಕತ್ತಿನ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಬಿಳಿ ಕಲೆ.

"ನಡುಗ್ತಾ ಇದ್ಲು" ಎಂದರು. "ಕೂತಲ್ಲೇ ಗಡಗಡ ನಡುಗಿದಾಳೆ. ಅದಕ್ಕೆ ಮುಖ ಬಂದಿಲ್ಲ. ನಾನು ಅಷ್ಟು ಹೊತ್ತೂ ಅವಳ ಕಡೆನೇ ನಿಂತಿದ್ದೆ ಅಕ್ಕ, ನಂಗೆ ಅದು ಕಾಣ್ಲಿಲ್ಲ. ನಾನು ನೀರು ನೋಡ್ತಿದ್ದೆ."

ಮೌಸನ್ನು ನನ್ನ ಕಡೆ ತ‍ಳ್ಳಿ, ಇಲ್ಲಿ ಒತ್ತಿದರೆ ಅಳಿಸಿಹೋಗುತ್ತದೆ, ನೀವೇ ಅಳಿಸಿ ಎಂದರು. ನಾನು ಮುಟ್ಟಲಿಲ್ಲ.

"ಅಳಿಸಬೇಡಿ. ಇಟ್ಕೊಂಡು ದಿನಾ ನೋಡಿ" ಎಂದು ಹೇಳಿ ಬಂದೆ. ಆಮೇಲೆ ಅವರ ಜೊತೆ ಮಾತು ಬಿಟ್ಟೆ. ಬೆಳಿಗ್ಗೆ ಬಂದು ಕೂರುತ್ತಿದ್ದರು, ತಟ್ಟೆ ಇಡುತ್ತಿದ್ದೆ, ತಿಂದು ಹೋಗುತ್ತಿದ್ದರು. ಸಾಂಬಾರು ಬೇಕೇ ಎಂದೂ ಕೇಳುತ್ತಿರಲಿಲ್ಲ.

ಮದುವೆಗೆ ಬೇರೆಯವರನ್ನು ಕರೆಯಿರಿ ಎಂದು ಮಗಳಿಗೆ ಸುತ್ತಿ ಬಳಸಿ ಹೇಳಿದೆ. ಚೈತ್ರಾ ಕೇಳಲಿಲ್ಲ. ನನ್ನ ಜೀವ ಉಳಿಸಿದವರು, ಅವರೇ ತೆಗೆಯಬೇಕು ಎಂದಳು. ಹೊಳೆಯಿಂದ ಬಂದ ಮೇಲೆ ಆ ಹುಡುಗಿ ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳಲೂ ಹೆದರುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಬರುತ್ತಿದ್ದಳು. ಎಣ್ಣೆ ಶಾಸ್ತ್ರದ ನೀರನ್ನೂ ನಾನೇ ಕೈಯಲ್ಲಿ ತೊಟ್ಟು ತೊಟ್ಟಾಗಿ ಹಾಕಿದೆ. ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಎಂದು ಮನೆಯಲ್ಲಿ ಯಾರೂ ಆ ಹೆದರಿಕೆಯ ಮಾತೆತ್ತಲಿಲ್ಲ.

ಮದುವೆಯ ದಿನ ಸ್ಟುಡಿಯೋದವರು ಬಂದರು. ಕದಲಬೇಡಿ ಎಂಬ ಮಾತು ಆ ದಿನ ಅವರ ಬಾಯಿಂದ ಬರಲಿಲ್ಲ. ಧಾರೆಯ ಹೊತ್ತಾಯಿತು. ಹುಡುಗನ ಕೈ ಕೆಳಗೆ, ಹುಡುಗಿಯ ಕೈ ಮೇಲೆ, ಅದರ ಮೇಲೆ ತೆಂಗಿನಕಾಯಿ. ನನ್ನ ಅಳಿಯ ತಂಬಿಗೆ ಎತ್ತಿದ. ಮದುವೆ ಫೋಟೋದವರಿಗೆಲ್ಲ ಅದೇ ಮುಖ್ಯದ ಫೋಟೋ. ತಂಬಿಗೆಯಿಂದ ನೀರು ಬೀಳುವಾಗ ಹಾಗೇ ನಿಲ್ಲಿಸಿ, ಈ ಕಡೆ ನೋಡಿ ಎಂದು ಮಂತ್ರ ಹೇಳುವವರನ್ನೂ ಸುಮ್ಮನಾಗಿಸುತ್ತಾರೆ. ನಾನು ಮಂಟಪದ ಕಂಬಕ್ಕೆ ಒರಗಿ ನಿಂತು ಸ್ಟುಡಿಯೋದವರನ್ನೇ ನೋಡುತ್ತಿದ್ದೆ. ಬೀಳುವ ನೀರು, ಇವರು ಬಿಟ್ಟಾರೆಯೇ ಎಂದುಕೊಂಡೆ. ಕ್ಯಾಮೆರಾ ಕಣ್ಣಿಗೆ ಏರಿತು. ತಂಬಿಗೆ ಬಾಗಿತು. ಕ್ಯಾಮೆರಾ ಎದೆಗೆ ಇಳಿಯಿತು. ಅವರು ಒಂದು ಹೆಜ್ಜೆ ಮುಂದೆ ಬಂದು, ಗಂಡಿನವರಿಗೆ ಕೇಳಿಸದ ಹಾಗೆ ನನ್ನ ಅಳಿಯನ ಕಿವಿಯ ಹತ್ತಿರ ಬಾಗಿದರು.

"ಮೆಲ್ಲಗೆ ಬಿಡಿ ಸಾರ್. ಹುಡುಗಿ ನಡುಗ್ತಿದಾಳೆ."

ಅಳಿಯ ಕೈ ಸಣ್ಣ ಮಾಡಿದ. ನೀರು ದಾರದಂತೆ ಇಳಿಯಿತು. ಚೈತ್ರಾ ಕಚ್ಚಿ ಹಿಡಿದಿದ್ದ ತುಟಿ ಬಿಟ್ಟಳು, ಉಸಿರು ಸರಿಯಾಯಿತು. ಅವರು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು. ಕ್ಯಾಮೆರಾ ಎದೆಯ ಮೇಲೇ ತೂಗುತ್ತಿತ್ತು. ಓಲಗದವರು ಗಟ್ಟಿಯಾಗಿ ಊದಿ ಮುಗಿಸಿದರು, ಧಾರೆ ಆಗಿಹೋಯಿತು.

ಆಲ್ಬಂ ತಂದುಕೊಟ್ಟ ದಿನ ಬೀಗಿತ್ತಿ ನಮ್ಮಲ್ಲೇ ಇದ್ದರು. ನನ್ನ ಹೋಟೆಲಿನ ಮೇಜಿನ ಮೇಲೇ ಬಿಚ್ಚಿದರು. ತಂಬಿಗೆ ಎತ್ತಿದ ಫೋಟೋ ಇತ್ತು, ಆಮೇಲೆ ಒದ್ದೆ ಕೈಗಳ ಫೋಟೋ ಇತ್ತು. ನಡುವಿನದ್ದು ಇಲ್ಲ. ಬೀಗಿತ್ತಿ ಹಾಳೆಯನ್ನು ಹಿಂದೆ ಮುಂದೆ ತಿರುವಿದರು.

"ಇಷ್ಟು ವರ್ಷದಿಂದ ಫೋಟೋ ತೆಗೀತಿದೀರಂತೆ, ಧಾರೆ ನೀರನ್ನೇ ಬಿಟ್ಟುಬಿಟ್ರಾ?" ಎಂದರು. ಕೋಪ ಬಂದಿತ್ತು, ಬರಬೇಕಾದದ್ದೇ. ಒಬ್ಬನೇ ಮಗನ ಮದುವೆ.

"ತಪ್ಪಾಯ್ತಮ್ಮ" ಎಂದರು ಸ್ಟುಡಿಯೋದವರು. ಹುಡುಗಿ ಹೆದರಿದ್ದಳು ಎಂದು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ಬೀಗಿತ್ತಿ ಇನ್ನೂ ನಾಲ್ಕು ಮಾತು ಆಡಿದರು, ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡರು. ಹೋಗಲು ತಿರುಗಿದರು.

"ಕೂತ್ಕೊಳಿ. ತಿಂಡಿ ತಿಂದ್ಕೊಂಡು ಹೋಗಿ" ಎಂದೆ. ಅವರ ಅಂಗಡಿಯಿಂದ ಬಂದು ಮಾತು ಬಿಟ್ಟ ಮೇಲೆ ಅವರಿಗೆ ನಾನು ಆಡಿದ ಮೊದಲ ಮಾತು ಅದು.

ಕೂತರು. ಹೊತ್ತಾಗಿತ್ತು, ಇಡ್ಲಿ ಆರಿಹೋಗಿತ್ತು. ಬಿಸಿ ಮಾಡಿ ಕೊಡುವಷ್ಟು ಮನಸ್ಸು ನನಗಿನ್ನೂ ಬಂದಿರಲಿಲ್ಲ. ಅವರೂ ಕೇಳಲಿಲ್ಲ, ಹಾಗೇ ತಿಂದರು.